ವಕೀಲರ ಮೇಜಿನ ಮೇಲೆ ನಿಂತ ಗೃಹಸಾಲ

ಚೆನ್ನೈನಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಮಾತು ನೀರಿನ ಲಾರಿಯಿಂದ ಶುರುವಾಗಿ, ಹಬ್ಬಕ್ಕೆ ಊರಿಗೆ ಹೋಗಲು ಸಿಗದ ರೈಲು ಟಿಕೆಟ್ಟಿಗೆ ಬಂದು ನಿಲ್ಲುವುದು ವಾಡಿಕೆ. ಈಚೆಗೆ ಇವೆರಡರ ನಡುವೆ ಇನ್ನೊಂದು ಪ್ರಶ್ನೆ ಸೇರಿಕೊಂಡಿದೆ: ‘ನಿಮ್ಮ ಹೋಮ್ ಲೋನ್ ಈಗ ಎಷ್ಟು ಪರ್ಸೆಂಟ್?’ ಕಾರಣ ಎಲ್ಲರಿಗೂ ಗೊತ್ತಿರುವುದೇ. 2025ರ ಫೆಬ್ರುವರಿಯಿಂದ ಡಿಸೆಂಬರ್ ನಡುವೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು. ಕೆಲವರ ಕಂತು ತಾನಾಗಿ ಕಡಿಮೆಯಾಯಿತು. ಕೆಲವರದು ಇದ್ದಲ್ಲೇ ಇದೆ.

ವ್ಯತ್ಯಾಸ ಸಾಲ ಎಲ್ಲಿಂದ ತೆಗೆದುಕೊಂಡಿರಿ ಎಂಬುದರಲ್ಲಿದೆ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಕೊಡುವ ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಜೋಡಣೆಯಾಗಲೇಬೇಕು. ವಸತಿ ಹಣಕಾಸು ಸಂಸ್ಥೆಗಳಿಗೆ ಈ ಕಟ್ಟುಪಾಡಿಲ್ಲ, ಅವು ತಮ್ಮದೇ ಮೂಲ ದರ ಇಟ್ಟುಕೊಂಡಿವೆ. ಹಳೇ ಮಹಾಬಲಿಪುರಂ ರಸ್ತೆಯ ಉದ್ದಕ್ಕೂ ಅಪಾರ್ಟ್‌ಮೆಂಟ್ ಕೊಂಡ ನಮ್ಮಂಥವರಲ್ಲಿ ಬಹಳ ಮಂದಿ, ಬೇಗ ಆಗುತ್ತದೆಂದು, ಇಂಥ ಸಂಸ್ಥೆಗಳಿಂದಲೇ ಸಾಲ ಪಡೆದವರು. ನನ್ನದೂ ಅಂಥದ್ದೇ. ಬಾಕಿ ₹40 ಲಕ್ಷ, ಉಳಿದ ಅವಧಿ 15 ವರ್ಷ, ಬಡ್ಡಿ ಶೇ 9.25. ಬ್ಯಾಂಕೊಂದು ಶೇ 8ಕ್ಕೆ ಕೊಡುತ್ತೇನೆ ಎಂದಿತು. ಕಂತು ₹41,168ರಿಂದ ₹38,226ಕ್ಕೆ ಇಳಿಯುತ್ತದೆ. 15 ವರ್ಷಕ್ಕೆ ಗುಣಿಸಿದರೆ ಐದು ಲಕ್ಷದ ಮೇಲೆ.

ಕಾಗದದ ಮೇಲೆ ಇದಕ್ಕೆ ಅಡ್ಡಿಯೇ ಇಲ್ಲ. ಬದಲಾಗುವ ಬಡ್ಡಿಯ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ಬ್ಯಾಂಕುಗಳು ದಂಡ ಹಾಕಬಾರದು ಎಂದು ರಿಸರ್ವ್ ಬ್ಯಾಂಕ್ 2012ರಲ್ಲೇ ಹೇಳಿದೆ. ವಸತಿ ಹಣಕಾಸು ಸಂಸ್ಥೆಗಳಿಗೂ ಅಂಥ ನಿಯಮ ಬಂದು ವರ್ಷಗಳಾದವು. ಆದಾಯದ ದಾಖಲೆ, ಕ್ರೆಡಿಟ್ ಸ್ಕೋರ್, ಮನೆಯ ಮೌಲ್ಯಮಾಪನ ಎಲ್ಲ ಒಂದು ವಾರದಲ್ಲಿ ಮುಗಿದವು. ಆಮೇಲೆ ಕಡತ ‘ಲೀಗಲ್’ಗೆ ಹೋಯಿತು. ಅಲ್ಲಿ 47 ದಿನ ಇತ್ತು.

ಕೇಳಿದಾಗಲೆಲ್ಲ ಶಾಖೆಯಿಂದ ಬರುತ್ತಿದ್ದ ಉತ್ತರ ಒಂದೇ: ‘ಲೀಗಲ್‌ಲ ಇರುಕ್ಕು ಸಾರ್.’ ಲೀಗಲ್‌ನಲ್ಲಿದೆ. ಆ ಉತ್ತರಕ್ಕೆ ಬೆಲೆಯಿದೆ. ₹40 ಲಕ್ಷಕ್ಕೆ ಶೇ 1.25ರ ವ್ಯತ್ಯಾಸವೆಂದರೆ ತಿಂಗಳಿಗೆ ₹4,167 ಬಡ್ಡಿ. 47 ದಿನಕ್ಕೆ ₹6,500 ಹತ್ತಿರ. ಅದನ್ನು ಕೊಡುವವನು ಸಾಲಗಾರ, ವಕೀಲನಲ್ಲ, ಬ್ಯಾಂಕೂ ಅಲ್ಲ. ಇದಕ್ಕಿಂತ ದೊಡ್ಡ ಆತಂಕ ಬೇರೆ ಇತ್ತು. ಮಂಜೂರಾತಿ ಪತ್ರಕ್ಕೆ ಒಂದು ಅವಧಿ ಇರುತ್ತದೆ. ಅದು ಮುಗಿದರೆ ಸಂಬಳದ ಚೀಟಿಯಿಂದ ಹಿಡಿದು ಎಲ್ಲವನ್ನೂ ಮತ್ತೆ ಕೊಡಬೇಕು, ಆ ಹೊತ್ತಿಗೆ ಎಷ್ಟು ದರವಿದೆಯೋ ಅಷ್ಟಕ್ಕೆ ಒಪ್ಪಬೇಕು. ನಮ್ಮ ಕಚೇರಿಯಲ್ಲಿ ಹಾಸನದ ಕಡೆಯ ಸಹೋದ್ಯೋಗಿಯೊಬ್ಬರಿಗೆ ಹೀಗೇ ಆಯಿತು. ಕಡತ ವಕೀಲರಲ್ಲಿದ್ದಾಗಲೇ ಅವರಿಗೆ ಕೆಲಸ ಹೋಯಿತು. ಹೊಸ ಕೆಲಸ ಸಿಗುವಷ್ಟರಲ್ಲಿ ಮಂಜೂರಾತಿ ಸತ್ತಿತ್ತು, ಹಳೇ ಸಾಲ ಹಳೇ ಬಡ್ಡಿಯಲ್ಲೇ ಉಳಿಯಿತು.

ಈ ವಕೀಲರು ಯಾರು? ನಮ್ಮ ಶುಲ್ಕದಲ್ಲಿ, ನಮ್ಮ ಮನೆಯ ಕಾಗದ ಓದುವವರಾದರೂ ಅವರು ನಮ್ಮ ವಕೀಲರಲ್ಲ. ಹೊಸ ಬ್ಯಾಂಕಿನ ಪ್ಯಾನಲ್ ವಕೀಲರು. ಅವರ ವರದಿ ಬ್ಯಾಂಕಿಗೆ, ಅವರ ಪ್ರಶ್ನೆಗಳು ಬ್ಯಾಂಕಿಗೆ. ಬ್ಯಾಂಕು ಆ ಪ್ರಶ್ನೆಗಳನ್ನು ನಮಗೆ ದಾಟಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಕಡತವೊಂದಕ್ಕೆ ಅವರಿಗೆ ಸಿಗುವುದು ಕೆಲವು ಸಾವಿರ ರೂಪಾಯಿ. ಅದಕ್ಕೆ ಅವರು ಹೊರುವ ಜವಾಬ್ದಾರಿ ಎಷ್ಟು ಎಂಬುದು ತಿಳಿದರೆ ಅವರ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ.

ನಮ್ಮ ದೇಶದಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ನೋಂದಾಯಿಸುವುದು ದಸ್ತಾವೇಜನ್ನು, ಮಾಲೀಕತ್ವವನ್ನಲ್ಲ. ಇಂಥವರು ಇಂಥವರಿಗೆ ಬರೆದುಕೊಟ್ಟರು ಎಂಬುದಕ್ಕೆ ಸರ್ಕಾರ ಸಾಕ್ಷಿ. ಬರೆದುಕೊಟ್ಟವರಿಗೆ ಆ ಹಕ್ಕಿತ್ತೇ ಎಂಬುದಕ್ಕೆ ಅದು ಖಾತರಿ ಕೊಡುವುದಿಲ್ಲ. ಆದ್ದರಿಂದ ಒಂದೇ ಫ್ಲಾಟಿನ ಮೇಲೆ ಐದು ಸಲ ಸಾಲವಾದರೆ ಐದು ವಕೀಲರು ಐದು ಸಲ ಮೊದಲಿಂದ ಮರ ಹತ್ತಬೇಕು. ಕೆಲವರು 13 ವರ್ಷದ ಇಸಿ ಕೇಳುತ್ತಾರೆ, ಹೆಚ್ಚಿನವರು 30 ವರ್ಷದ್ದು. ಈ ಸಂಖ್ಯೆಗಳು ಗಾಳಿಯಿಂದ ಬಂದವಲ್ಲ. ಕಾಲಮಿತಿ ಕಾಯ್ದೆಯ ಪ್ರಕಾರ ಅಡಮಾನದ ಹಣ ವಸೂಲಿಗೆ ದಾವೆ ಹೂಡಲು 12 ವರ್ಷ ಕಾಲಾವಕಾಶವಿದೆ, ಅಡಮಾನ ಬಿಡಿಸಿಕೊಳ್ಳುವ ದಾವೆಗೆ 30 ವರ್ಷ. ಅಷ್ಟು ಹಿಂದಿನ ಹಕ್ಕುದಾರ ಯಾರಾದರೂ ಎದ್ದು ಬರಬಹುದೇ ಎಂದು ನೋಡುವುದು ಅವರ ಕೆಲಸ.

ಇನ್ನು ಭಯ. ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ನಮ್ಮ ವಿಜಯ ಬ್ಯಾಂಕಿನ ಹೈದರಾಬಾದಿನ ಶಾಖೆಯೊಂದರಲ್ಲಿ ಗೃಹಸಾಲ ವಂಚನೆ ನಡೆದಾಗ, ಆಸ್ತಿಪತ್ರಗಳ ಬಗ್ಗೆ ಅಭಿಪ್ರಾಯ ಕೊಟ್ಟಿದ್ದ ಪ್ಯಾನಲ್ ವಕೀಲರನ್ನೂ ಸಿಬಿಐ ಆರೋಪಿಯಾಗಿಸಿತು. ಹೈಕೋರ್ಟ್ ಅವರ ಮೇಲಿನ ಪ್ರಕರಣ ರದ್ದು ಮಾಡಿತು. ಸಿಬಿಐ ಮೇಲ್ಮನವಿ ಹೋಯಿತು. ವಂಚಕರ ಜೊತೆ ಕೈಜೋಡಿಸಿದ್ದಕ್ಕೆ ಪುರಾವೆ ಇಲ್ಲದೆ, ಅಭಿಪ್ರಾಯ ಸರಿಯಿರಲಿಲ್ಲ ಎಂಬ ಒಂದೇ ಕಾರಣಕ್ಕೆ ವಕೀಲರನ್ನು ಅಪರಾಧಿ ಮಾಡಲಾಗದು ಎಂದು 2012ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಅವರಿಗೆ ಬಿಡುಗಡೆ ಸಿಕ್ಕಿತು. ಗೆದ್ದರು ನಿಜ, ಆದರೆ ಅಲ್ಲಿಯವರೆಗೆ ವರ್ಷಗಳು ಹೋದವು. ಇದಲ್ಲದೆ, ವಂಚನೆಯಲ್ಲಿ ಹೆಸರು ಬಂದ ವಕೀಲರು, ಮೌಲ್ಯಮಾಪಕರು, ಬಿಲ್ಡರುಗಳ ಎಚ್ಚರಿಕೆ ಪಟ್ಟಿಯನ್ನು ಭಾರತೀಯ ಬ್ಯಾಂಕುಗಳ ಸಂಘ ಬ್ಯಾಂಕುಗಳಿಗೆಲ್ಲ ಕಳಿಸುತ್ತದೆ. ಕೆಲವು ಸಾವಿರಕ್ಕೆ ಸಹಿ ಹಾಕುವ ವಕೀಲರು ಸಂಶಯ ಬಂದ ಕಡತವನ್ನು ಕೆಳಗಿಟ್ಟು, ಸಂಶಯವಿಲ್ಲದ ಕಡತವನ್ನು ಮೊದಲು ಮುಗಿಸುತ್ತಾರೆ. ಕೆಳಗೆ ಹೋದದ್ದನ್ನು ಮೇಲೆ ತರುವವರು ಯಾರೂ ಇರುವುದಿಲ್ಲ.

ಇಂಗ್ಲೆಂಡಿನಲ್ಲಿರುವ ನನ್ನ ಕಾಲೇಜಿನ ಗೆಳೆಯ ಇದನ್ನು ಕೇಳಿ ನಕ್ಕ. ಅಲ್ಲಿ ಎರಡು ವರ್ಷವೋ ಐದು ವರ್ಷವೋ ಸ್ಥಿರ ದರ ಮುಗಿದ ಮರುದಿನ ಸಾಲ ದುಬಾರಿ ದರಕ್ಕೆ ಜಾರುತ್ತದೆ. ಅಷ್ಟರೊಳಗೆ ಬೇರೆ ಬ್ಯಾಂಕಿಗೆ ಹೋಗಬೇಕು, ಆ ಕೆಲಸ ಸಾಲಿಸಿಟರ್ ಕೈಯಲ್ಲಿ. ‘ಲೀಗಲ್ ಫ್ರೀ’ ಎಂದು ಹೊಸ ಬ್ಯಾಂಕು ಕೊಡುವ ಸಾಲಿಸಿಟರ್ ಕೂಡ ಇಲ್ಲಿಯ ಪ್ಯಾನಲ್ ವಕೀಲರ ಹಾಗೆಯೇ ರಾಶಿ ಕಡತಗಳ ನಡುವೆ ಕೂತವರು. ಆದರೆ ಅಲ್ಲಿ ಭೂನೋಂದಣಿ ಇಲಾಖೆ ಮಾಲೀಕತ್ವಕ್ಕೇ ಖಾತರಿ ಕೊಡುವುದರಿಂದ ಮೂವತ್ತು ವರ್ಷದ ಮರ ಹತ್ತುವ ಪ್ರಮೇಯವಿಲ್ಲ. ಸಾಲಿಸಿಟರ್ ಎಂಟು ವಾರದಲ್ಲಿ ದೂರಿಗೆ ಸರಿಯಾದ ಉತ್ತರ ಕೊಡದಿದ್ದರೆ ಲೀಗಲ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ನಮ್ಮಲ್ಲಿ ವಕೀಲರ ಸೇವೆ ಗ್ರಾಹಕ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ಆದ್ದರಿಂದ ವಕೀಲರ ಮೇಲೆ ದೂರುತ್ತೇನೆಂದು ಶಾಖೆಯಲ್ಲಿ ಹಾರಾಡಿ ಪ್ರಯೋಜನವಿಲ್ಲ. ಅವರನ್ನು ನೇಮಿಸಿದ ಬ್ಯಾಂಕಿನ ಬೆನ್ನು ಹತ್ತಬೇಕು.

ಚೆನ್ನೈನ ಕಡತಗಳು ಎಲ್ಲಿ ಸಿಕ್ಕಿಕೊಳ್ಳುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಲ್ಲಿಯ ಕಾಗದದ ಲೋಕಕ್ಕೂ ನಾವು ಊರಲ್ಲಿ ಕಂಡದ್ದಕ್ಕೂ ಹೆಸರೇ ಬೇರೆ. ನಮ್ಮ ಋಣಭಾರ ಪ್ರಮಾಣಪತ್ರ ಇಲ್ಲಿ ‘ವಿಲ್ಲಂಗ ಸಾನ್ರಿದಳ್’. ಮೂಲ ಕ್ರಯಪತ್ರ ‘ತಾಯ್ ಪತ್ತಿರಂ’. ಬೆಂಗಳೂರು, ಮೈಸೂರಿನ ಕಡೆಯವರು ‘ಖಾತಾ ಎಲ್ಲಿ’ ಎಂದು ಹುಡುಕುತ್ತಾರೆ, ಇಲ್ಲಿ ವಕೀಲರು ಕೇಳುವುದು ಪಟ್ಟಾ. ಖಾತಾ ಪಾಲಿಕೆಯ ತೆರಿಗೆ ದಾಖಲೆ, ಪಟ್ಟಾ ಕಂದಾಯ ಇಲಾಖೆಯ ದಾಖಲೆ. 1956ರವರೆಗೆ ಮದ್ರಾಸಿನ ಜೊತೆಗಿದ್ದ ದಕ್ಷಿಣ ಕನ್ನಡದವರಿಗೆ ಮಾತ್ರ ಈ ಪದ ಹೊಸದಲ್ಲ, ಅವರು ಊರಲ್ಲೂ ‘ಪಟ್ಟಾ ಜಾಗ’ ಎಂದೇ ಹೇಳುತ್ತಾರೆ. ಫ್ಲಾಟು ಕೊಂಡವರಿಗೆ ಸಿಗುವುದು ನೆಲದ ಅವಿಭಜಿತ ಪಾಲು, ಇಲ್ಲಿಯ ಭಾಷೆಯಲ್ಲಿ ‘ಯುಡಿಎಸ್’. ಪಟ್ಟಾ ಇನ್ನೂ ಹಳೇ ನೆಲದೊಡೆಯರ ಹೆಸರಲ್ಲೇ ಇರುವ ಕಟ್ಟಡಗಳು ಬೇಕಾದಷ್ಟಿವೆ. ಹಳೇ ಸಂಸ್ಥೆಯ ವಕೀಲರು ಅದನ್ನು ಒಪ್ಪಿದ್ದರು ಎಂಬುದು ಹೊಸ ವಕೀಲರಿಗೆ ಉತ್ತರವಲ್ಲ.

ಜಿಲ್ಲೆಯ ಹೆಸರಿನದು ಇನ್ನೊಂದು ರಗಳೆ. ಶೋಳಿಂಗನಲ್ಲೂರು ತಾಲ್ಲೂಕು 2018ರ ಜನವರಿಯಲ್ಲಿ ಕಾಂಚೀಪುರಂ ಜಿಲ್ಲೆಯಿಂದ ಚೆನ್ನೈ ಜಿಲ್ಲೆಗೆ ಬಂತು. ತಾಂಬರಂ ಕಡೆಯದು 2019ರ ನವೆಂಬರಿನಲ್ಲಿ ಹೊಸದಾಗಿ ಆದ ಚೆಂಗಲ್‌ಪಟ್ಟು ಜಿಲ್ಲೆಗೆ ಸೇರಿತು. ಹೀಗಾಗಿ ಒಂದೇ ಮನೆಯ ಕ್ರಯಪತ್ರದಲ್ಲಿ ಒಂದು ಜಿಲ್ಲೆ, ಈಗ ತೆಗೆಸಿದ ಪಟ್ಟಾದಲ್ಲಿ ಇನ್ನೊಂದು. ಇಲ್ಲಿಯ ವಕೀಲರಿಗೆ ಇದು ಗೊತ್ತಿರುವ ವಿಷಯ. ಆದರೆ ಕಡತ ಬ್ಯಾಂಕಿನ ಬೇರೆ ಊರಿನ ಸಾಲ ವಿಭಾಗಕ್ಕೆ ಹೋದರೆ ಅಲ್ಲಿ ಕೂತವರು ಕೆಂಪು ಗೆರೆ ಎಳೆದು ವಾಪಸ್ ಕಳಿಸುತ್ತಾರೆ.

ಕನ್ನಡಿಗರಿಗೇ ವಿಶೇಷವಾದ ತೊಡಕೊಂದಿದೆ, ನಮ್ಮ ಇನಿಷಿಯಲ್ಲು. ತಮಿಳುನಾಡಿನಲ್ಲಿ ಹೆಸರಿನ ಹಿಂದಿನ ಅಕ್ಷರ ಎಂದರೆ ಅಪ್ಪನ ಹೆಸರು, ಅಷ್ಟೇ. ನಮ್ಮಲ್ಲಿ ಎರಡು ಅಕ್ಷರವಿದ್ದರೆ ಮೊದಲನೆಯದು ಊರು, ಎರಡನೆಯದು ಅಪ್ಪ. ಮೂರಿದ್ದರೆ ಮನೆತನವೂ ಸೇರಿರಬಹುದು. ಕ್ರಯಪತ್ರದಲ್ಲಿ ಇನಿಷಿಯಲ್ಲು, ಪ್ಯಾನ್ ಕಾರ್ಡಿನಲ್ಲಿ ಊರಿನ ಹೆಸರು ಪೂರ್ತಿ ಬಿಡಿಸಿ ಮೊದಲಿಗೆ, ಆಧಾರ್‌ನಲ್ಲಿ ಕೊನೆಗೆ. ವಕೀಲರ ಜೂನಿಯರ್ ಒಬ್ಬರು ನನ್ನ ಊರಿನ ಹೆಸರನ್ನೇ ತಂದೆಯ ಹೆಸರೆಂದು ತಿಳಿದು, ‘ಹಾಗಾದರೆ ಕ್ರಯಪತ್ರದಲ್ಲಿರುವ ಈ ತಂದೆ ಯಾರು’ ಎಂದು ಬರೆದಿದ್ದರು. ಇಬ್ಬರೂ ಒಬ್ಬರೇ ಎಂಬ ಪ್ರಮಾಣಪತ್ರವನ್ನು ಛಾಪಾ ಕಾಗದದ ಮೇಲೆ ನೋಟರಿಯಿಂದ ಮಾಡಿಸಿದರೆ ಕೆಲಸವಾಗುತ್ತದೆ. ಒಂದು ಮಧ್ಯಾಹ್ನದ ಕೆಲಸ. ಅದನ್ನು ಕೇಳುವ ಮೊದಲೇ ಕಡತಕ್ಕೆ ಸೇರಿಸಿದರೆ ವಾರಗಳು ಉಳಿಯುತ್ತವೆ.

ಅಧಿಕಾರ ಪತ್ರದ ಮೂಲಕ ನಡೆದ ಮಾರಾಟಗಳದ್ದು ನಿಜಕ್ಕೂ ಗಟ್ಟಿ ಪ್ರಶ್ನೆ. ಇಲ್ಲಿ ಅನೇಕ ಬಿಲ್ಡರುಗಳು ನೆಲದೊಡೆಯರಿಂದ ಅಧಿಕಾರ ಪತ್ರ ಪಡೆದು ಫ್ಲಾಟು ಮಾರಿದ್ದಾರೆ. ಪತ್ರ ಕೊಟ್ಟವರು ತೀರಿಕೊಂಡ ಕ್ಷಣ ಆ ಅಧಿಕಾರ ಮುಗಿಯುತ್ತದೆ ಎನ್ನುತ್ತದೆ ಕರಾರು ಕಾಯ್ದೆ. ಹಾಗಾಗಿ ‘ಮಾರಾಟದ ದಿನ ಅವರು ಬದುಕಿದ್ದರೆ?’ ಎಂದು ವಕೀಲರು ಕೇಳಿದರೆ ಅದು ಕಿರಿಕಿರಿಯಲ್ಲ. ಉತ್ತರ ಇಲ್ಲದಿದ್ದರೆ ನಷ್ಟ ನಿಮ್ಮದೇ, ಸಾಲ ಬದಲಿಸಿದರೂ ಬದಲಿಸದಿದ್ದರೂ.

ನನ್ನ ಕಡತ ನಿಂತದ್ದು ಇದಾವುದರಿಂದಲೂ ಅಲ್ಲ. ನನಗೆ ಮನೆ ಮಾರಿದವರ ತಂದೆಗೆ ನಾಲ್ವರು ವಾರಸುದಾರರು. ತಹಶೀಲ್ದಾರರ ವಾರಸುದಾರ ಪ್ರಮಾಣಪತ್ರದಲ್ಲಿ ನಾಲ್ಕೂ ಹೆಸರಿವೆ. ಮುಂದಿನ ಪತ್ರಕ್ಕೆ ಸಹಿ ಹಾಕಿದವರು ಮೂವರು. ನಾಲ್ಕನೆಯವರು ತಮ್ಮ ಪಾಲನ್ನು ಹಕ್ಕು ಬಿಡುಗಡೆ ಪತ್ರದ ಮೂಲಕ ಮೊದಲೇ ಬಿಟ್ಟುಕೊಟ್ಟಿದ್ದರು. ಆ ಪತ್ರ ಇಸಿಯಲ್ಲಿ ಕಾಣುತ್ತಿರಲಿಲ್ಲ. ಏಕೆಂದರೆ ಅದು ನೋಂದಣಿಯಾದದ್ದು ಹಳೇ ಸರ್ವೆ ಸಂಖ್ಯೆಯಲ್ಲಿ. ಆಮೇಲೆ ಜಮೀನು ಪೋಡಿಯಾಗಿ ಸಂಖ್ಯೆಗೆ ಬಾಲ ಹುಟ್ಟಿತು, ವಕೀಲರು ಇಸಿ ತೆಗೆದದ್ದು ಬಾಲವಿರುವ ಸಂಖ್ಯೆಯಲ್ಲಿ. ‘ಹಕ್ಕು ಬಿಡುಗಡೆ ಪತ್ರ ಬೇಕು’ ಎಂದು ಅವರು 11ನೇ ದಿನವೇ ಬ್ಯಾಂಕಿಗೆ ಇಮೇಲ್ ಮಾಡಿದ್ದರು. ಅದು ಶಾಖೆಯಲ್ಲಿ ರಜೆಯ ಮೇಲೆ ಹೋದವರೊಬ್ಬರ ಪೆಟ್ಟಿಗೆಯಲ್ಲಿ ಕೂತಿತ್ತು. ನನಗೆ ತಿಳಿದದ್ದು 40ನೇ ದಿನ.

ತಿಳಿದ ಮೇಲೆ ಅರ್ಧ ಗಂಟೆ ಸಾಕಾಯಿತು. ತಮಿಳುನಾಡು ನೋಂದಣಿ ಇಲಾಖೆಯ ‘ಟಿಎನ್‌ರೆಜಿನೆಟ್’ ಜಾಲತಾಣದಲ್ಲಿ ಇಸಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಸರ್ವೆ ಸಂಖ್ಯೆಯಿಂದ ಹುಡುಕಬಹುದು, ದಸ್ತಾವೇಜು ಸಂಖ್ಯೆ ಮತ್ತು ವರ್ಷದಿಂದಲೂ ಹುಡುಕಬಹುದು. ನನ್ನ ಕ್ರಯಪತ್ರದ ಎರಡನೇ ಪುಟದಲ್ಲಿ ಆ ಹಕ್ಕು ಬಿಡುಗಡೆ ಪತ್ರದ ಸಂಖ್ಯೆ, ವರ್ಷ, ಕಚೇರಿ ಮೂರೂ ಬರೆದಿದ್ದವು. ಹಾಕಿದೆ, ಬಂತು. ದೃಢೀಕೃತ ನಕಲಿಗೆ ಅರ್ಜಿ ಹಾಕಿ ವಕೀಲರಿಗೆ ತಲುಪಿಸಿದೆ. ವರದಿ ವಾರದೊಳಗೆ ಬಂತು.

ವಕೀಲರನ್ನು ನೋಡಲು ಹೋಗಿದ್ದೆ ಅನ್ನಬೇಕು. ಹೈಕೋರ್ಟಿನ ಎದುರು ಜಾರ್ಜ್ ಟೌನಿನ ತಂಬು ಚೆಟ್ಟಿ ಬೀದಿಯಲ್ಲಿ ಕಿರಿದಾದ ಮೆಟ್ಟಿಲು ಹತ್ತಿ ಹೋಗಬೇಕಾದ ಕೋಣೆ. ಬ್ಯಾಂಕಿನ ಮ್ಯಾನೇಜರ್ ಮೂಲಕ ಹೇಳಿಸಿಕೊಂಡು ಹೋದದ್ದರಿಂದ ಕೂರಲು ಹೇಳಿದರು. ಬ್ಯಾಂಕಿಗೊಂದು ಬಣ್ಣದ ಲಕೋಟೆಗಳು, ನೆಲದಿಂದ ಸೊಂಟದೆತ್ತರಕ್ಕೆ. ‘ನೀವು ಕೇಳಿದ್ದರೆ ನಾನು ಅಂದೇ ಹೇಳುತ್ತಿದ್ದೆ, ನಿಮ್ಮ ಫೋನ್ ನಂಬರೇ ನನಗೆ ಕೊಟ್ಟಿಲ್ಲ’ ಎಂದರು ವಯಸ್ಸಾದ ವಕೀಲರು. ಅದು ನಿಜ. ಅವರಿಗೆ ಹೋಗುವ ಕಡತದಲ್ಲಿ ಸಾಲಗಾರನ ಹೆಸರಿರುತ್ತದೆ, ಸಂಪರ್ಕವಿರುವುದಿಲ್ಲ. ಆದ್ದರಿಂದ ಈಗ ಯಾರಾದರೂ ಕೇಳಿದರೆ ನಾನು ಹೇಳುವುದು ಇಷ್ಟು. ಕಡತ ವಕೀಲರಿಗೆ ಹೋದ ಐದನೇ ದಿನ ಶಾಖೆಗೆ ಇಮೇಲ್ ಬರೆಯಿರಿ, ‘ಕೆಲಸ ಎಲ್ಲಿಗೆ ಬಂತು’ ಎಂದಲ್ಲ, ‘ವಕೀಲರು ಕೇಳಿರುವ ದಾಖಲೆಗಳ ಪಟ್ಟಿಯನ್ನು ಬರವಣಿಗೆಯಲ್ಲಿ ಒಂದೇ ಸಲ ಕಳಿಸಿ’ ಎಂದು. ಮೊದಲನೆಯ ಪ್ರಶ್ನೆಗೆ ‘ಲೀಗಲ್‌ಲ ಇರುಕ್ಕು’ ಎಂಬ ಉತ್ತರ ಸಾಕಾಗುತ್ತದೆ. ಎರಡನೆಯದಕ್ಕೆ ಯಾರಾದರೂ ವಕೀಲರಿಗೆ ಫೋನ್ ಮಾಡಲೇಬೇಕಾಗುತ್ತದೆ.

ಅದಕ್ಕೂ ಮುಂಚೆ ಮಾಡಬೇಕಾದದ್ದು, ಅರ್ಜಿ ಶುಲ್ಕ ಕಟ್ಟುವ ಮೊದಲೇ, ನಿಮ್ಮದೇ ಕಡತ ಕಟ್ಟಿಕೊಳ್ಳುವುದು. ಅಸಲು ಪತ್ರಗಳೆಲ್ಲ ಹಳೇ ಸಂಸ್ಥೆಯ ಕಪಾಟಿನಲ್ಲಿರುತ್ತವೆ. ಅಲ್ಲಿ ಏನೇನಿದೆ ಎಂಬ ಪಟ್ಟಿ ಕೇಳಿ ಪಡೆಯಿರಿ, ಬ್ಯಾಂಕಿನವರ ಬಾಯಲ್ಲಿ ಅದು ‘ಎಲ್‌ಒಡಿ’. ಇಸಿಯನ್ನು ಹಳೇ, ಹೊಸ ಎರಡೂ ಸರ್ವೆ ಸಂಖ್ಯೆಯಲ್ಲಿ ನೀವೇ ತೆಗೆದು ನೋಡಿ. ತಮಿಳು ಓದಲು ಬಾರದೆ ಹತ್ತು ವರ್ಷ ಇಲ್ಲಿ ಕಳೆದವರು ನಮ್ಮಲ್ಲಿ ಬಹಳ, ಸ್ವಂತ ಮನೆಯ ಪಟ್ಟಾದಲ್ಲಿ ತಮ್ಮ ಹೆಸರು ಯಾವ ಸಾಲಿನಲ್ಲಿದೆ ಎಂದು ತೋರಿಸಲಾರರು. ಓದಬಲ್ಲ ಪಕ್ಕದ ಮನೆಯವರನ್ನು ಒಂದು ಕಾಫಿಗೆ ಕರೆದು ಪತ್ರಗಳನ್ನು ಮೊದಲಿಂದ ಕೊನೆವರೆಗೆ ಓದಿಸಿ. 2015ರ ಡಿಸೆಂಬರಿನ ಪ್ರವಾಹದಲ್ಲಿ, ಮತ್ತೆ 2023ರ ಡಿಸೆಂಬರಿನ ಮಿಚಾಂಗ್ ಮಳೆಯಲ್ಲಿ ನೆಲಮಹಡಿಯ ಕಪಾಟಿನ ನಕಲುಗಳನ್ನು ಕಳೆದುಕೊಂಡವರು ಸ್ಕ್ಯಾನ್ ಮಾಡಿಟ್ಟುಕೊಳ್ಳುವ ಬುದ್ಧಿವಾದವನ್ನು ನನ್ನಿಂದ ಕೇಳಬೇಕಾಗಿಲ್ಲ.

ವಕೀಲರ ವರದಿ ಬಂದರೂ ಕೆಲಸ ಮುಗಿಯುವುದಿಲ್ಲ, ಇಲ್ಲಿಂದ ಮುಂದಿನ ವಿಳಂಬ ಹಳೇ ಸಂಸ್ಥೆಯದು. ಆಸ್ತಿಪತ್ರಗಳನ್ನು ಸಾಲಕೊಟ್ಟವರ ಕೈಗಿಟ್ಟು ಮಾಡುವ ಅಡಮಾನವನ್ನು 1882ರ ಆಸ್ತಿ ವರ್ಗಾವಣೆ ಕಾಯ್ದೆ ಹೆಸರಿಸಿಯೇ ಒಪ್ಪಿಕೊಂಡ ಊರುಗಳಲ್ಲಿ ಮದ್ರಾಸೂ ಒಂದು, ಕಲ್ಕತ್ತ ಮತ್ತು ಬಾಂಬೆಯ ಜೊತೆ. ಬರಿಯ ಪತ್ರ ಕೊಟ್ಟರೆ ಸಾಕು ಎಂಬುದು ವ್ಯಾಪಾರಿಗಳ ಅನುಕೂಲಕ್ಕೆ ಬಂದ ಏರ್ಪಾಡು. ಈಗ ತಮಿಳುನಾಡಿನಲ್ಲಿ ಪತ್ರ ಇಟ್ಟದ್ದಕ್ಕೂ ಒಂದು ದಸ್ತಾವೇಜು, ಅದು ‘ಎಂಒಡಿ’. ಸಾಲದ ಮೊತ್ತದ ಶೇ 0.5 ಮುದ್ರಾಂಕ ಶುಲ್ಕ, ಗರಿಷ್ಠ ಮಿತಿಯೊಳಗೆ. ನನ್ನ ಸಾಲಕ್ಕೆ ₹20,000. ನೋಂದಣಿ ಶುಲ್ಕ ಬೇರೆ. ಹಳೇ ಸಾಲದ ಎಂಒಡಿ ಇಸಿಯಲ್ಲಿ ಇರುವವರೆಗೆ ನಿಮ್ಮ ಮನೆ ಹಳಬರಿಗೇ ಅಡವು. ಅದನ್ನು ತೆಗೆಸಲು ಹಳೇ ಸಂಸ್ಥೆಯ ಅಧಿಕೃತ ಪ್ರತಿನಿಧಿ ಸಬ್ ರಿಜಿಸ್ಟ್ರಾರ್ ಕಚೇರಿಗೆ ಬಂದು ರಶೀದಿ ಪತ್ರಕ್ಕೆ ಸಹಿ ಹಾಕಬೇಕು. ಗ್ರಾಹಕನಾಗಿ ಉಳಿಯದವನಿಗೋಸ್ಕರ ಬಿಸಿಲಲ್ಲಿ ಬರಲು ಯಾರಿಗೂ ಆತುರವಿಲ್ಲ.

ದಿನದ ಲೆಕ್ಕ ಬಿಗಿಯಾಗುವುದೂ ಇಲ್ಲೇ. ಹಳೇ ಸಂಸ್ಥೆ ಕೊಡುವ ‘ಫೋರ್‌ಕ್ಲೋಷರ್’ ಪತ್ರದಲ್ಲಿ ಇಂಥ ದಿನದವರೆಗೆ ಇಷ್ಟು ಬಾಕಿ, ಆಮೇಲೆ ದಿನಕ್ಕೆ ಇಷ್ಟು ಎಂದಿರುತ್ತದೆ. ನನ್ನದಕ್ಕೆ ದಿನಕ್ಕೆ ₹1,014. ಈ ಪತ್ರವನ್ನು ಮೊದಲೇ ತೆಗೆದಿಟ್ಟುಕೊಳ್ಳಿ ಎಂದು ಏಜೆಂಟರು ಹೇಳುತ್ತಾರೆ. ಕಾನೂನು ವರದಿ ಕೈಗೆ ಬಂದ ಮೇಲೆ ತೆಗೆಯಿರಿ, ಇಲ್ಲವಾದರೆ ಅದರ ಅವಧಿ ಮುಗಿದು ಮತ್ತೊಂದಕ್ಕೆ ಅಲೆಯಬೇಕು. ಹೊಸ ಬ್ಯಾಂಕಿನ ಚೆಕ್ಕು ಎರಡು ದಿನ ತಡವಾಗಿ ತಲುಪಿ ಎರಡು ಸಾವಿರ ಕಡಿಮೆ ಬಿದ್ದರೆ, ಆ ಎರಡು ಸಾವಿರಕ್ಕೆ ಸಾಲ ಮುಚ್ಚುವುದಿಲ್ಲ, ಅಸಲು ಪತ್ರ ಹೊರಬರುವುದಿಲ್ಲ. ಹೊಸ ಬ್ಯಾಂಕು ಚೆಕ್ ಬರೆದ ದಿನದಿಂದಲೇ ಬಡ್ಡಿ ಶುರು ಮಾಡಿರುತ್ತದೆ. ಆ ನಡುವಿನ ದಿನಗಳಲ್ಲಿ ಒಂದೇ ಮನೆಗೆ ಎರಡು ಕಡೆ ಬಡ್ಡಿ. ನಾಲ್ಕೈದು ದಿನದ ಬಡ್ಡಿಯಷ್ಟು ಹಣವನ್ನು ಹಳೇ ಸಾಲದ ಖಾತೆಗೆ ನೀವೇ ಹೆಚ್ಚಿಗೆ ಹಾಕಿಟ್ಟರೆ ಈ ತಾಪತ್ರಯವಿಲ್ಲ, ಉಳಿದದ್ದು ವಾಪಸ್ ಬರುತ್ತದೆ.

ಹಳಬರ ಮೇಲೆ ನಮ್ಮ ಕೈಯಲ್ಲಿ ಎರಡು ಹಿಡಿತಗಳಿವೆ. ಸಾಲದ ಖಾತೆ ಬೇರೆಡೆಗೆ ವರ್ಗಾಯಿಸಲು ಕೇಳಿದರೆ ಒಪ್ಪಿಗೆಯನ್ನೋ ಆಕ್ಷೇಪವನ್ನೋ 21 ದಿನದೊಳಗೆ ತಿಳಿಸಬೇಕು ಎನ್ನುತ್ತದೆ ರಿಸರ್ವ್ ಬ್ಯಾಂಕಿನ ನ್ಯಾಯಸಮ್ಮತ ವ್ಯವಹಾರ ಸಂಹಿತೆ. ಎರಡನೆಯದು ಇನ್ನೂ ಹರಿತ. 2023ರ ಸೆಪ್ಟೆಂಬರ್ 13ರ ಸುತ್ತೋಲೆಯ ಪ್ರಕಾರ ಸಾಲ ಪೂರ್ತಿ ತೀರಿದ 30 ದಿನದೊಳಗೆ ಅಸಲು ಪತ್ರಗಳನ್ನೆಲ್ಲ ಕೊಡಬೇಕು, ನೋಂದಣಿಯಲ್ಲಿರುವ ಹೊರೆಯನ್ನೂ ತೆಗೆಸಬೇಕು. ತಮ್ಮ ಕಾರಣದಿಂದ ತಡವಾದರೆ ದಿನಕ್ಕೆ ₹5,000 ಸಾಲಗಾರನಿಗೆ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಪತ್ರ ಕಳೆದುಹೋಗಿದ್ದರೆ ನಕಲು ಮಾಡಿಸಿಕೊಡುವ ಖರ್ಚು ಅವರದು, ಹೆಚ್ಚುವರಿಯಾಗಿ 30 ದಿನ ಸಿಗುತ್ತದೆ. ಹೊರೆ ತೆಗೆಸುವುದೂ ಈ ಮೂವತ್ತು ದಿನದ ಲೆಕ್ಕದಲ್ಲೇ ಬರುತ್ತದೆ ಎಂಬುದು ಕೌಂಟರಿನಲ್ಲಿ ಕೂತವರಲ್ಲಿ ಹಲವರಿಗೆ ಗೊತ್ತಿರುವುದಿಲ್ಲ. ಸುತ್ತೋಲೆಯ ದಿನಾಂಕ ಬರೆದು ಇಮೇಲ್ ಕಳಿಸಿದ ಮೂರನೇ ದಿನ ನನಗೆ ರಶೀದಿ ಪತ್ರದ ದಿನ ಗೊತ್ತಾಯಿತು. ಅಲ್ಲೂ ಆಗದಿದ್ದರೆ, ಸಂಸ್ಥೆಗೆ ಲಿಖಿತ ದೂರು ಕೊಟ್ಟು 30 ದಿನ ಕಾದು, ರಾಷ್ಟ್ರೀಯ ವಸತಿ ಬ್ಯಾಂಕಿಗೆ ಆನ್‌ಲೈನ್‌ನಲ್ಲಿ ದೂರು ಸಲ್ಲಿಸಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಸಬ್ ರಿಜಿಸ್ಟ್ರಾರ್ ಕಚೇರಿಯ ಟೋಕನ್ನಿಗೆ ಒಂದು ಸ್ಥಳೀಯ ಉಪಾಯವಿದೆ. ಮುಹೂರ್ತದ ದಿನಗಳಲ್ಲಿ ಇಲ್ಲಿ ಮನೆ, ನಿವೇಶನ ನೋಂದಣಿಗೆ ಎಂಥ ನೂಕುನುಗ್ಗಲೆಂದರೆ ಇಲಾಖೆಯೇ ಹೆಚ್ಚುವರಿ ಟೋಕನ್ ಕೊಡುತ್ತದೆ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹಾಗೆ, ಹೊಸ ಮನೆ ಕೊಳ್ಳುವವರು ಕಡಿಮೆ. ಸಾಲದ ಕಾಗದಕ್ಕೆ ಮುಹೂರ್ತ ಯಾಕೆ? ಬ್ಯಾಂಕಿನ ಪ್ರತಿನಿಧಿಗೂ ಆ ತಿಂಗಳು ಬಿಡುವು.

ಇಷ್ಟೆಲ್ಲ ಓಡಾಟ ಎಲ್ಲರಿಗೂ ಗಿಟ್ಟುವುದಿಲ್ಲ. ನಾಲ್ಕೈದು ವರ್ಷ ಮಾತ್ರ ಬಾಕಿ ಉಳಿದವರು, ಬಡ್ಡಿಯ ವ್ಯತ್ಯಾಸ ಅರ್ಧ ಪರ್ಸೆಂಟ್ ಆಸುಪಾಸಿನಲ್ಲಿರುವವರು ಮುದ್ರಾಂಕ, ಸಂಸ್ಕರಣಾ ಶುಲ್ಕ, ಒಂದಷ್ಟು ರಜೆ ಇವನ್ನೆಲ್ಲ ಕೂಡಿಸಿ ನೋಡಲಿ. ಅವರಿಗೆ ಬೇರೆ ದಾರಿಯಿದೆ. ಹಳೇ ಸಂಸ್ಥೆಗೇ ‘ಫೋರ್‌ಕ್ಲೋಷರ್ ಪತ್ರ ಕೊಡಿ, ಎಲ್‌ಒಡಿ ಕೊಡಿ’ ಎಂದು ಬರೆದರೆ, ಹೆಚ್ಚಾಗಿ ಎರಡು ದಿನದೊಳಗೆ ‘ಯಾಕೆ ಹೋಗುತ್ತೀರಿ ಸಾರ್’ ಎಂಬ ಫೋನ್ ಬರುತ್ತದೆ. ಸಣ್ಣ ಶುಲ್ಕ ಕಟ್ಟಿಸಿಕೊಂಡು ದರ ಇಳಿಸುತ್ತಾರೆ. ವಕೀಲರಿಲ್ಲ, ಎಂಒಡಿ ಇಲ್ಲ. ಫೋನ್ ಬಂದವರು ಆ ದರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ, ಬಾಯಿಮಾತಿನ ಶೇ 8.1 ತಿಂಗಳ ಕೊನೆಗೆ ಶೇ 8.6 ಆಗಿರುತ್ತದೆ.

ಬದಲಿಸಿಯೇ ಬಿಟ್ಟವರು ಕೊನೆಗೆ ಮೂರು ಕಡೆ ಕಣ್ಣು ಹಾಯಿಸಬೇಕು. ಟಿಎನ್‌ರೆಜಿನೆಟ್‌ನಲ್ಲಿ ಹೊಸ ಇಸಿ ತೆಗೆದು ಹಳೇ ಎಂಒಡಿಯ ಎದುರು ರಶೀದಿ ಪತ್ರದ ನಮೂದು ಬಂದಿದೆಯೇ ನೋಡಬೇಕು. ಅಡಮಾನಗಳ ಕೇಂದ್ರ ದಾಖಲೆಯಾದ ‘ಸೆರ್ಸಾಯ್’ನಲ್ಲಿ ಹಳೇ ಸಂಸ್ಥೆ ತನ್ನ ಹೆಸರು ತೆಗೆಸಿದೆಯೇ ಕೇಳಬೇಕು, ಇದನ್ನು ಬಹುತೇಕರು ಮರೆಯುತ್ತಾರೆ, ಮುಂದೆ ಮನೆ ಮಾರುವಾಗ ಎದುರಾಗುತ್ತದೆ. ಮೂರನೆಯದು ಸಂಬಳದ ಖಾತೆ. ಹಳೇ ಕಂತಿನ ಸ್ವಯಂಚಾಲಿತ ಪಾವತಿ ಆದೇಶ ರದ್ದಾಗದಿದ್ದರೆ, ಸಾಲ ಮುಚ್ಚಿದ ಮರುತಿಂಗಳೂ 5ನೇ ತಾರೀಕು ₹41,168 ಹೋಗುತ್ತದೆ. ನನ್ನದು ಹೋಯಿತು. ವಾಪಸ್ ಬರಲು 19 ದಿನ ಹಿಡಿಯಿತು.